ಆಮೆ ಕಲಿಸಿದ ಪಾಠ

ಮಕ್ಕಳು ಕಟ್ಟುವ ಕೆಲಸದಲ್ಲಿ ಹುಟ್ಟು ನಿಪುಣರು. ಮಳೆ ನಿಂತ ಮೇಲೆ ಅಂಗಳದ ಒದ್ದೆ ಮರಳಿನಲ್ಲಿ ಪಾದವನ್ನು ಹುದುಗಿಸಿ ಗುಬ್ಬಚ್ಚಿಗೂಡು ಕಟ್ಟದ ಮಗು ವಿರಳ. ಪಾದವನ್ನು ಮೆಲ್ಲನೆ ಹೊರಗೆಳೆಯುವಾಗ ಗೂಡು ಕುಸಿದುಬಿದ್ದರೆ ಮಗು ನಾಚುವುದಿಲ್ಲ. ಯಾರಾದರೂ ನೋಡಿಬಿಟ್ಟರೋ ಎಂದು ಸುತ್ತ ಕಣ್ಣಾಡಿಸುವುದೂ ಇಲ್ಲ. ಮರಳು ತೀರ ಒಣಗಿತ್ತೆಂಬುದನ್ನು ತಾನೇ ಕಂಡುಕೊಂಡು, ನಾಲ್ಕು ಹನಿ ನೀರು ಚಿಮುಕಿಸಿ, ಇನ್ನೊಮ್ಮೆ ತಟ್ಟತೊಡಗುತ್ತದೆ. ಅದೇ ಮಗು ಶಾಲೆಯ ಕರಿಹಲಗೆಯ ಮುಂದೆ ನಿಂತು ಲೆಕ್ಕ ಬಿಡಿಸುವಾಗ ಉತ್ತರ ತಪ್ಪಿತೆಂದರೆ ಬೇರೆಯೇ ಆಗಿಬಿಡುತ್ತದೆ. ಬರೆದುದನ್ನು ಅಂಗೈಯಿಂದ ಒರಸಿಹಾಕುತ್ತದೆ, ತಲೆ ತಗ್ಗಿಸುತ್ತದೆ, ತನಗೆ ಲೆಕ್ಕ ಬಾರದೆಂದು ತನ್ನ ಮೇಲೆ ತಾನೇ ತೀರ್ಪು ಬರೆದುಕೊಳ್ಳುತ್ತದೆ. ಅಂಗಳದಲ್ಲಿ ಆಟದ ಅಂಗವಾಗಿದ್ದ ತಪ್ಪು, ಶಾಲೆಯ ಹೊಸಿಲು ದಾಟಿದೊಡನೆ ಅವಮಾನವಾಗಿ ಮಾರ್ಪಡುವುದೇಕೆ?

ಈ ಪ್ರಶ್ನೆಯನ್ನು ಬಹುಕಾಲ ಬೆನ್ನಟ್ಟಿದವರಲ್ಲಿ ಸೀಮೋರ್ ಪೇಪರ್ಟ್ ಎಂಬ ಗಣಿತಜ್ಞರು ಪ್ರಮುಖರು. ಅದಕ್ಕೆ ಉತ್ತರ ಹುಡುಕಲು ಅವರು ಆರಿಸಿಕೊಂಡ ಸಾಧನ ಮಾತ್ರ ವಿಚಿತ್ರವಾದುದು. ಅದು ಮರಳಲ್ಲ, ಮಣ್ಣಲ್ಲ, ಬಣ್ಣದ ಕಾಗದವಲ್ಲ. ಆ ಕಾಲದಲ್ಲಿ ಮಕ್ಕಳ ನೆರಳು ಕೂಡ ಸೋಕದಿದ್ದ ಗಣಕಯಂತ್ರ.

ಪೇಪರ್ಟ್ ಹುಟ್ಟಿದ್ದು 1928ರಲ್ಲಿ, ದಕ್ಷಿಣ ಆಫ್ರಿಕಾದ ಪ್ರಿಟೋರಿಯ ನಗರದಲ್ಲಿ. ನೆಟ್ಟಗೆ ಮಾತು ಬರುವ ಮೊದಲೇ ಆ ಬಾಲಕನಿಗೆ ಮೋಟಾರುಗಾಡಿಯ ಭಾಗಗಳ ಮೇಲೆ ಅಪಾರ ಮೋಹ ಹುಟ್ಟಿತ್ತು. ಅದರಲ್ಲಿಯೂ ಒಂದನ್ನೊಂದು ಕಚ್ಚಿಕೊಂಡು ತಿರುಗುವ ಹಲ್ಲುಚಕ್ರಗಳೆಂದರೆ ಅವನಿಗೆ ಪಂಚಪ್ರಾಣ. ಚಿಕ್ಕ ಚಕ್ರ ಎಷ್ಟು ಸುತ್ತು ಸುತ್ತಿದರೆ ದೊಡ್ಡ ಚಕ್ರ ಒಂದು ಸುತ್ತು ಸುತ್ತುತ್ತದೆ ಎಂಬ ಲೆಕ್ಕ ಅವನ ಬೆರಳ ತುದಿಯಲ್ಲಿತ್ತು. ಮುಂದೆ ಶಾಲೆಯಲ್ಲಿ ಮಗ್ಗಿಯನ್ನೂ ಸಮೀಕರಣಗಳನ್ನೂ ಕಲಿಯುವಾಗ ಅವನ ಕಣ್ಣ ಮುಂದೆ ತಿರುಗುತ್ತಿದ್ದುದು ಅವೇ ಚಕ್ರಗಳು. ಉಳಿದವರಿಗೆ ಕಬ್ಬಿಣದ ಕಡಲೆಯಾದ ಗಣಿತ ಅವನಿಗೆ ಹಳೆಯ ಗೆಳೆಯನಂತೆ ಕಂಡಿತು. ಪ್ರೀತಿಸಿದ ವಸ್ತುವಿನ ಮೂಲಕ ಬಂದ ವಿದ್ಯೆ ಮನಸ್ಸಿನಲ್ಲಿ ಬೇರೂರುತ್ತದೆಂಬ ತಿಳಿವಳಿಕೆ ಅಲ್ಲಿಂದಲೇ ಮೊಳೆಯಿತು. ಆದರೆ ಎಲ್ಲ ಮಕ್ಕಳೂ ಹಲ್ಲುಚಕ್ರವನ್ನು ಪ್ರೀತಿಸಲಾರರು. ಒಬ್ಬರಿಗೆ ಹಾಡು, ಒಬ್ಬರಿಗೆ ಚಿತ್ರ, ಇನ್ನೊಬ್ಬರಿಗೆ ಕುಣಿತ. ಪ್ರತಿಯೊಂದು ಮಗುವಿನ ಪ್ರೀತಿಗೂ ತಕ್ಕ ರೂಪವನ್ನು ತಾಳಬಲ್ಲ ವಸ್ತುವೊಂದು ಇದ್ದರೆ ಹೇಗೆ?

ತರುಣ ಪೇಪರ್ಟ್ 1958ರಿಂದ ಸುಮಾರು ಐದು ವರ್ಷಗಳ ಕಾಲ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಮನೋವಿಜ್ಞಾನಿ ಜೀನ್ ಪಿಯಾಜೆಯವರೊಡನೆ ಕೆಲಸ ಮಾಡಿದರು. ಮಗುವೆಂದರೆ ಹಿರಿಯರು ತುಂಬಬೇಕಾದ ಬರಿಯ ಕೊಡವಲ್ಲ; ಅದು ತನ್ನ ಅರಿವನ್ನು ತಾನೇ ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಕಟ್ಟಿಕೊಳ್ಳುತ್ತದೆ ಎಂಬುದು ಪಿಯಾಜೆಯವರ ಸಿದ್ಧಾಂತದ ತಿರುಳು. ಈ ವಿಚಾರವನ್ನು ಎದೆಯಲ್ಲಿಟ್ಟುಕೊಂಡು ಪೇಪರ್ಟ್ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರಿಗೆ ಗಣಕಯಂತ್ರದ ಒಡನಾಟ ದೊರೆಯಿತು.

ಆ ಕಾಲದ ಗಣಕಯಂತ್ರವನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. ಅದು ಮೇಜಿನ ಮೇಲೆ ಕೂರುವ ವಸ್ತುವಾಗಿರಲಿಲ್ಲ. ಬೀರುಗಳಂತೆ ಸಾಲಾಗಿ ನಿಂತು ಕೋಣೆಯನ್ನೇ ಆಕ್ರಮಿಸುತ್ತಿತ್ತು. ಅದರ ಬೆಲೆಯನ್ನು ತೆರಬಲ್ಲವರು ಸರಕಾರ, ಸೈನ್ಯ, ದೊಡ್ಡ ಸಂಸ್ಥೆಗಳು ಮಾತ್ರ. ಅಂಥ ಯಂತ್ರವನ್ನು ಮಕ್ಕಳ ಕೈಗೆ ಕೊಡುವ ಮಾತು ಆನೆಯನ್ನು ತೊಟ್ಟಿಲಿಗೆ ಕಟ್ಟುವ ಮಾತಿನಂತೆ ಹಲವರಿಗೆ ಕಂಡಿರಬೇಕು. ಆದರೂ 1967ರಲ್ಲಿ ವಾಲಿ ಫ್ಯೂರ್ಜೈಗ್, ಸಿಂಥಿಯಾ ಸಾಲೊಮನ್ ಮತ್ತು ಪೇಪರ್ಟ್ ಒಡಗೂಡಿ ಮಕ್ಕಳಿಗಾಗಿಯೇ ಒಂದು ಗಣಕಭಾಷೆಯನ್ನು ರೂಪಿಸಿದರು. ಅದಕ್ಕೆ 'ಲೋಗೋ' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಲೋಗೋಸ್' ಎಂದರೆ ಮಾತು, ವಿಚಾರ ಎಂಬ ಅರ್ಥವುಂಟು.

ಗಣಕಕ್ಕೆ ಕೆಲಸ ಹೇಳಲು ಭಾಷೆಯೇಕೆ ಬೇಕು? ಗಣಕಯಂತ್ರ ಬಹಳ ವಿಧೇಯನಾದ ಆಳು. ಆದರೆ ಸ್ವಂತ ಬುದ್ಧಿಯಿಂದ ಏನನ್ನೂ ಊಹಿಸದ ಆಳು. ಅನ್ನ ಮಾಡು ಎಂದರೆ ಮನೆಯ ಮಗಳು ಅಕ್ಕಿ ತೊಳೆಯುತ್ತಾಳೆ, ನೀರು ಹದ ಮಾಡುತ್ತಾಳೆ, ಒಲೆ ಹೊತ್ತಿಸುತ್ತಾಳೆ. ಯಂತ್ರಕ್ಕಾದರೋ ಇವೆಲ್ಲವನ್ನೂ ಒಂದೊಂದಾಗಿ, ತಕ್ಕ ಅನುಕ್ರಮದಲ್ಲಿ, ಯಾವುದನ್ನೂ ಬಿಡದೆ ಹೇಳಬೇಕು. ಹಾಗೆ ಬರೆದಿಟ್ಟ ಆಜ್ಞೆಗಳ ಸರಣಿಗೆ ಕ್ರಮವಿಧಿ ಎಂದು ಹೆಸರು. ಒಲೆ ಹೊತ್ತಿಸುವ ಮಾತನ್ನು ಮರೆತರೆ ಯಂತ್ರ ಹಸಿ ಅಕ್ಕಿಯನ್ನೇ ಬಡಿಸಿ ಸುಮ್ಮನೆ ನಿಲ್ಲುತ್ತದೆ. ಅದು ಗದರಿಸುವುದಿಲ್ಲ, ನಗುವುದಿಲ್ಲ. ಹೇಳಿದುದನ್ನು ಹೇಳಿದಂತೆ ಮಾಡಿ ತೋರಿಸುತ್ತದೆ. ತಾನು ಏನನ್ನು ಹೇಳಿದೆ, ಏನನ್ನು ಹೇಳಲು ಮರೆತೆ ಎಂಬುದನ್ನು ಮಗು ಅದರ ಕೆಲಸದಲ್ಲಿ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ.

ಲೋಗೋ ಭಾಷೆಯ ಮೊದಲ ರೂಪದಲ್ಲಿ ಚಿತ್ರಗಳಿರಲಿಲ್ಲ. ಮಕ್ಕಳು ಪದಗಳನ್ನೂ ವಾಕ್ಯಗಳನ್ನೂ ಜೋಡಿಸುವ ಕ್ರಮವಿಧಿಗಳನ್ನು ಬರೆಯುತ್ತಿದ್ದರು. ಆ ಮೊದಲ ವರ್ಷಗಳ ತರಗತಿಯೊಂದಕ್ಕೆ ಸಾಧಾರಣ ಅಂಕ ಗಳಿಸುತ್ತಿದ್ದ ಮಕ್ಕಳನ್ನು ಬೇಕೆಂದೇ ಆರಿಸಿದ್ದರು. ಅವರಲ್ಲಿ ಹದಿಮೂರು ವರ್ಷದ ಬಾಲೆಯೊಬ್ಬಳಿದ್ದಳು. ಜಾಣ ಮಕ್ಕಳನ್ನು ಬಿಟ್ಟು ತಮ್ಮಂಥವರನ್ನು ಏತಕ್ಕೆ ಕರೆದಿರಿ ಎಂದು ಅವಳು ಮೊದಲ ದಿನವೇ ಕೇಳಿಬಿಟ್ಟಳು. ಹದಿಮೂರರ ಹರೆಯದಲ್ಲಿಯೇ ತಾನು ಜಾಣೆಯಲ್ಲವೆಂದು ಒಂದು ಜೀವ ಒಪ್ಪಿಕೊಂಡುಬಿಟ್ಟಿತ್ತು. ಆ ಪ್ರಶ್ನೆ ಅಲ್ಲಿದ್ದ ಹಿರಿಯರ ಮನಸ್ಸನ್ನು ಕಲಕಿತು.

ಆ ಬಾಲೆ ತಾನೇ ವಾಕ್ಯಗಳನ್ನು ಹೊಸೆಯುವ ಕ್ರಮವಿಧಿಯೊಂದನ್ನು ಬರೆಯಲು ತೊಡಗಿದಳು. ಯಂತ್ರ ತನಗೆ ಕೊಟ್ಟ ಪದಗಳಿಂದ ಮನಬಂದುದನ್ನು ಆಯ್ದು ಜೋಡಿಸಬೇಕು. ಆದರೂ ಅದು ವಾಕ್ಯದಂತೆ ಕೇಳಬೇಕು. ಪದಗಳನ್ನೆಲ್ಲ ಒಂದೇ ಬುಟ್ಟಿಗೆ ಸುರಿದರೆ ಆಗುವುದಿಲ್ಲ. ವಸ್ತುಗಳನ್ನು ಹೆಸರಿಸುವ ಪದಗಳು ಒಂದು ಬುಟ್ಟಿಯಲ್ಲಿರಬೇಕು, ಕ್ರಿಯೆಯನ್ನು ತಿಳಿಸುವ ಪದಗಳು ಇನ್ನೊಂದರಲ್ಲಿರಬೇಕು. ಯಾವ ಬುಟ್ಟಿಯಿಂದ ಯಾವಾಗ ಆಯ್ದುಕೊಳ್ಳಬೇಕೆಂದು ಯಂತ್ರಕ್ಕೆ ತಿಳಿಸಬೇಕು. ಒಂದು ದಿನ ಅವಳು ಉತ್ಸಾಹದಿಂದ ಬೀಗುತ್ತ ಬಂದಳು. ನಾಮಪದ, ಕ್ರಿಯಾಪದಗಳೆಂಬ ವಿಭಾಗ ಏತಕ್ಕಿದೆಯೆಂಬುದು ಅವಳಿಗೆ ಹೊಳೆದಿತ್ತು! ವರ್ಷಗಟ್ಟಲೆ ವ್ಯಾಕರಣದ ಪಾಠ ಕೇಳಿದ್ದರೂ, ಆ ವಿಭಾಗದಿಂದ ತನಗೇನು ಪ್ರಯೋಜನವೆಂಬುದು ಅದುವರೆಗೆ ಅವಳಿಗೆ ತಿಳಿದಿರಲಿಲ್ಲ. ಕಟ್ಟುವ ಕೆಲಸಕ್ಕೆ ಬೇಕಾದಾಗ ವ್ಯಾಕರಣ ಹೊರೆಯಾಗಿ ಉಳಿಯಲಿಲ್ಲ, ಕೈಯೊಳಗಿನ ಉಳಿಯಾಯಿತು. ಮುಂದೆ ಅವಳ ಕಲಿಕೆಯೇ ಚಿಗುರಿ, ಅಂಕಗಳೂ ಏರಿದವೆಂದು ಪೇಪರ್ಟ್ 1980ರಲ್ಲಿ ಪ್ರಕಟಿಸಿದ 'ಮೈಂಡ್‌ಸ್ಟಾರ್ಮ್ಸ್' ಎಂಬ ಗ್ರಂಥದಲ್ಲಿ ದಾಖಲಿಸಿದ್ದಾರೆ.

1970ರ ಸುಮಾರಿಗೆ ಲೋಗೋ ಕಲಿಯುವ ಮಕ್ಕಳ ನಡುವೆ ಒಂದು ಆಮೆ ಬಂದಿತು. ಅದು ಜೀವವಿರುವ ಆಮೆಯಲ್ಲ. ಗುಮ್ಮಟದಂಥ ಚಿಪ್ಪು ಹೊತ್ತು, ಗಾಲಿಗಳ ಮೇಲೆ ನೆಲದಲ್ಲಿ ಓಡಾಡುವ ಪುಟ್ಟ ಯಂತ್ರ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ವಿಜ್ಞಾನಿ ಗ್ರೇ ವಾಲ್ಟರ್ 1940ರ ದಶಕದ ಕೊನೆಯಲ್ಲಿ ಬೆಳಕನ್ನು ಅರಸಿ ಚಲಿಸುವ ಎರಡು ಯಂತ್ರಗಳನ್ನು ಮಾಡಿ, ಅವುಗಳನ್ನು ಆಮೆಗಳೆಂದು ಕರೆದಿದ್ದರು. ಆ ಹೆಸರೇ ಇದಕ್ಕೂ ಬಂದಿತು. ಲೋಗೋ ಆಮೆಯ ಹೊಟ್ಟೆಯಲ್ಲಿ ಒಂದು ಲೇಖನಿಯಿತ್ತು. ಮುಂದೆ ನೂರು ಹೆಜ್ಜೆ ನಡೆ ಎಂದು ಮಗು ಆಜ್ಞೆ ಕೊಟ್ಟರೆ ಆಮೆ ನಡೆದು, ನೆಲದ ಕಾಗದದ ಮೇಲೆ ಗೆರೆಯೆಳೆಯುತ್ತಿತ್ತು. ಬಲಕ್ಕೆ ತೊಂಬತ್ತು ಅಂಶ ತಿರುಗು ಎಂದರೆ ನಿಂತಲ್ಲಿಯೇ ತಿರುಗುತ್ತಿತ್ತು. ಈ ಎರಡು ಆಜ್ಞೆಗಳನ್ನು ನಾಲ್ಕು ಸಲ ಹೇಳಿದರೆ ಚೌಕವೊಂದು ಮೂಡುತ್ತಿತ್ತು. ಕೆಲವು ವರ್ಷಗಳಲ್ಲಿ ಆಮೆ ನೆಲವನ್ನು ಬಿಟ್ಟು ಗಣಕದ ಪರದೆಯನ್ನೇರಿ ಅಲ್ಲಿಯೂ ಗೆರೆಯೆಳೆಯತೊಡಗಿತು.

ಚೌಕ ಬಿಡಿಸಲು ಕಲಿತ ಮಗು ಮನೆ ಬಿಡಿಸಲು ಹೊರಡುತ್ತದೆ. ಚೌಕವೇ ಗೋಡೆ; ಅದರ ಮೇಲೊಂದು ತ್ರಿಕೋನವಿಟ್ಟರೆ ಮಾಡು. ತ್ರಿಕೋನದ ಒಂದೊಂದು ಕೋನ ಅರವತ್ತು ಅಂಶವೆಂದು ಪುಸ್ತಕ ಹೇಳಿದೆಯಲ್ಲ! ಮಗು ಆಮೆಗೆ ನೂರು ಹೆಜ್ಜೆ ನಡೆದು ಅರವತ್ತು ಅಂಶ ತಿರುಗಲು ಮೂರು ಸಲ ಹೇಳುತ್ತದೆ. ಆಮೆ ನಡೆಯುತ್ತದೆ, ತಿರುಗುತ್ತದೆ. ಆದರೆ ತ್ರಿಕೋನ ಕೂಡಿಕೊಳ್ಳುವುದಿಲ್ಲ. ಅಗಲವಾಗಿ ಬಾಯ್ತೆರೆದ ಬಾಣಲೆಯಂಥದೇನೋ ಮೂಡಿ ನಿಲ್ಲುತ್ತದೆ. ಆಗ ಮಗು ಎದ್ದು ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡುತ್ತದೆ. ತ್ರಿಕೋನವನ್ನು ಒಂದು ಸುತ್ತು ಬಂದು ಹೊರಟಲ್ಲಿಗೇ ಹೊರಟ ದಿಕ್ಕಿಗೇ ಮುಖ ಮಾಡಿ ನಿಂತರೆ, ತನ್ನ ಮೈ ಪೂರ್ತಿ ಒಂದು ಸುತ್ತು, ಎಂದರೆ ಮುನ್ನೂರ ಅರವತ್ತು ಅಂಶ ತಿರುಗಿರುತ್ತದೆ. ತಿರುವುಗಳು ಮೂರು. ಹಾಗಾದರೆ ಒಂದೊಂದು ತಿರುವೂ ನೂರ ಇಪ್ಪತ್ತು ಅಂಶ! ಪುಸ್ತಕದ ಅರವತ್ತು ಸುಳ್ಳಲ್ಲ. ಅದು ತ್ರಿಕೋನದ ಒಳಗಿನ ಕೋನ. ಆಮೆ ತಿರುಗುವುದು ಹೊರಗಿನ ಕೋನದಲ್ಲಿ. ಬಾಯಿಪಾಠ ಮಾಡಿಸಿದರೆ ನಾಳೆಗೇ ಮರೆತುಹೋಗಬಹುದಾದ ಈ ವ್ಯತ್ಯಾಸ ಮಗುವಿನ ಕಾಲಿಗೇ ತಿಳಿದುಬಿಡುತ್ತದೆ.

ಈಗ ತ್ರಿಕೋನ ಸರಿಹೋಯಿತು. ಮನೆ ಮಾತ್ರ ಇನ್ನೂ ಸರಿಹೋಗಲಿಲ್ಲ. ಚೌಕವನ್ನು ಮುಗಿಸಿ ಕೆಳಗಿನ ಮೂಲೆಗೆ ಮರಳಿದ ಆಮೆ ಅಲ್ಲಿಂದಲೇ ತ್ರಿಕೋನವನ್ನೆಳೆದು ಮಾಡನ್ನು ಗೋಡೆಯ ಹೊಟ್ಟೆಯೊಳಗೆ ಅಡ್ಡಲಾಗಿ ಮಲಗಿಸಿಬಿಡುತ್ತದೆ. ಮಕ್ಕಳು ಘೊಳ್ಳೆಂದು ನಗುತ್ತಾರೆ. ಆ ನಗೆ ಮಾಡಿದವನ ಮೇಲಲ್ಲ, ಮನೆಯ ಮೇಲೆ. ಎಲ್ಲರೂ ಪರದೆಯ ಸುತ್ತ ಬಾಗಿ ತಪ್ಪಿದ್ದೆಲ್ಲಿ ಎಂದು ಹುಡುಕುತ್ತಾರೆ. ಮೊದಲು ನೂರು ಹೆಜ್ಜೆ ಮೇಲೇರಬೇಕು; ಅನಂತರ ಬಲಕ್ಕೆ ಮೂವತ್ತು ಅಂಶ ತಿರುಗಬೇಕು; ಆಮೇಲೆ ತ್ರಿಕೋನವನ್ನು ಎಳೆಯಬೇಕು. ಅಗೋ, ಮಾಡು ಗೋಡೆಯ ಮೇಲೆ ಬಂದು ಕೂರುತ್ತದೆ! ಅಂಗಳದ ಗುಬ್ಬಚ್ಚಿಗೂಡಿನ ಮುಂದಿದ್ದ ಮಗು ಕರಿಹಲಗೆಯ ಮುಂದಿನ ಮಗುವನ್ನು ಇಲ್ಲಿ ಕೈಹಿಡಿದು ಎಬ್ಬಿಸಿದಂತಾಗುತ್ತದೆ.

ಗಣಕಶಾಸ್ತ್ರದಲ್ಲಿ ಕ್ರಮವಿಧಿಯ ತಪ್ಪಿಗೆ 'ಬಗ್' ಎನ್ನುತ್ತಾರೆ. ಆ ಇಂಗ್ಲಿಷ್ ಮಾತಿಗೆ ಹುಳು ಎಂದರ್ಥ. ಯಂತ್ರದ ದೋಷಕ್ಕೆ ಈ ಹೆಸರು ಹತ್ತೊಂಬತ್ತನೆಯ ಶತಮಾನದಿಂದಲೂ ಬಳಕೆಯಲ್ಲಿತ್ತು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಎರಡು ಎಂಬ ಗಣಕ ಕೆಟ್ಟುನಿಂತಾಗ, ಅದರೊಳಗೆ ಸಿಕ್ಕಿಬಿದ್ದ ನಿಜವಾದ ಪತಂಗವೊಂದು ದೊರೆಯಿತು. ಕೆಲಸಗಾರರು ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿ, ನಿಜವಾದ ಹುಳು ಸಿಕ್ಕ ಮೊದಲ ಪ್ರಸಂಗವೆಂದು ವಿನೋದವಾಗಿ ಬರೆದಿಟ್ಟರು. ಹುಳುವನ್ನು ಹುಡುಕಿ ತೆಗೆಯುವ ಕೆಲಸವೇ ಕ್ರಮವಿಧಿಯನ್ನು ತಿದ್ದುವ ಕೆಲಸ. ಮನೆಯ ಹಿರಿಯಳು ಮೊರದಲ್ಲಿ ಅಕ್ಕಿಯನ್ನು ಹರವಿ ಹುಳು ಹೆಕ್ಕುವುದನ್ನು ನೋಡಬೇಕು. ಆಕೆ ಅಕ್ಕಿಯನ್ನು ಬೈಯುವುದಿಲ್ಲ, ಮೊರವನ್ನು ಎಸೆಯುವುದಿಲ್ಲ. ಹುಳುವಿರುವುದು ಸಹಜವೆಂದು ತಿಳಿದು, ಕಣ್ಣಿಟ್ಟು ಹೆಕ್ಕುತ್ತಾಳೆ. ತನ್ನ ಕೆಲಸವನ್ನು ಹೀಗೆ ನೋಡಲು ಕಲಿತ ಮಗುವಿಗೆ ತನ್ನ ಉತ್ತರ ಸರಿಯೋ ತಪ್ಪೋ ಎಂಬುದಷ್ಟೇ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇದನ್ನು ಸರಿಪಡಿಸುವುದು ಹೇಗೆ ಎಂಬುದು ಪ್ರಶ್ನೆಯಾಗುತ್ತದೆ. ಮೊದಲನೆಯ ಪ್ರಶ್ನೆಗೆ ತೀರ್ಪು ಕೊಡಲು ಹೊರಗಿನವರು ಬೇಕು. ಎರಡನೆಯದಕ್ಕೆ ತನ್ನ ಕಣ್ಣು, ತನ್ನ ತಾಳ್ಮೆ ಸಾಕು.

ಹಾಗೆಂದು ಲೋಗೋ ಕಾಲಿಟ್ಟಲ್ಲೆಲ್ಲ ಪವಾಡ ನಡೆಯಿತೆಂದು ತಿಳಿಯಬಾರದು. 1980ರ ದಶಕದಲ್ಲಿ ಹಲವು ದೇಶಗಳ ಶಾಲೆಗಳು ಗಣಕಗಳನ್ನು ಕೊಂಡವು. ಅನೇಕ ಕಡೆ ಅವುಗಳನ್ನು ಪ್ರತ್ಯೇಕ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಗೊತ್ತಾದ ಅವಧಿಯಲ್ಲಿ ಮಕ್ಕಳನ್ನು ಸಾಲಾಗಿ ಕರೆತಂದು ಗೊತ್ತಾದ ಆಜ್ಞೆಗಳನ್ನು ಒತ್ತಿಸಿದರು. ಆಮೆ ಬಂದಿತು, ಅಂಗಳ ಬರಲಿಲ್ಲ. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್ ಎಂಬ ಸಂಶೋಧಕರು ಆ ದಶಕದಲ್ಲಿ ಪರೀಕ್ಷೆಗಳನ್ನು ನಡೆಸಿ, ಲೋಗೋ ಕಲಿತ ಮಾತ್ರಕ್ಕೆ ಮಕ್ಕಳು ಬೇರೆ ಕೆಲಸಗಳನ್ನು ಯೋಜಿಸುವುದರಲ್ಲಿ ಹೆಚ್ಚು ನಿಪುಣರಾಗಲಿಲ್ಲವೆಂದು ತೋರಿಸಿದರು. ಯಂತ್ರವನ್ನೇ ಗುರುವೆಂದು ನಂಬಿ ಕೈಕಟ್ಟಿ ಕುಳಿತವರಿಗೆ ಇದೊಂದು ಎಚ್ಚರಿಕೆ. ಮಗುವಿನ ಪಕ್ಕದಲ್ಲಿ ಕುಳಿತು, ಆಮೆ ಎಲ್ಲಿ ತಿರುಗಿತು, ಯಾಕೆ ತಿರುಗಿತು ಎಂದು ಕೇಳುವ ಮನುಷ್ಯನಿಲ್ಲದಿದ್ದರೆ ಹುಳು ಹೆಕ್ಕುವ ವಿದ್ಯೆ ಪರದೆಯನ್ನು ಬಿಟ್ಟು ಹೊರಗೆ ಬರುವುದು ಕಷ್ಟ.

ಪೇಪರ್ಟ್ ಜಿನೀವಾ ನಗರವನ್ನು ಬಿಟ್ಟ ಕಾಲು ಶತಮಾನದ ಬಳಿಕ, ಅದೇ ನಗರದ ಹೊರವಲಯದಲ್ಲಿ ಮಕ್ಕಳಿಗೆ ಇನ್ನೊಂದು ಅಂಗಳ ತೆರೆಯಿತು. ಅದನ್ನು ತೆರೆದವರಿಗೆ ಮಕ್ಕಳ ನೆನಪಿದ್ದಿರಲಾರದು. ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆ ಅಲ್ಲಿದೆ. ನಾನಾ ದೇಶಗಳ ವಿಜ್ಞಾನಿಗಳು ತಮ್ಮ ತಮ್ಮ ಗಣಕಗಳಲ್ಲಿಟ್ಟುಕೊಂಡ ವಿಷಯಗಳನ್ನು ಪರಸ್ಪರ ಓದುವುದು ಹೇಗೆಂಬ ತೊಡಕಿಗೆ ಪರಿಹಾರವಾಗಿ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿ 1989ರ ಮಾರ್ಚ್ ತಿಂಗಳಲ್ಲಿ ಒಂದು ಯೋಜನೆಯನ್ನು ಮುಂದಿಟ್ಟರು. ಬಾಲ್ಯದಲ್ಲಿ ಆಟದ ರೈಲನ್ನು ಬಿಚ್ಚಿ ಜೋಡಿಸುತ್ತ ವಿದ್ಯುನ್ಮಾನ ಶಾಸ್ತ್ರವನ್ನು ಕಲಿತವರು ಅವರು. 1991ರಲ್ಲಿ ಜಗತ್ತಿನ ಮೊದಲ ಜಾಲತಾಣ ಲೋಕಕ್ಕೆ ತೆರೆಯಿತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಈ ವಿದ್ಯೆಯನ್ನು ಯಾರು ಬೇಕಾದರೂ ಹಣ ತೆರದೆ ಬಳಸಬಹುದೆಂದು ಸಾರಿತು. ಊರ ಕೆರೆಯಂತೆ ಅದು ಎಲ್ಲರದಾಯಿತು.

ಜಾಲತಾಣದ ಪುಟಗಳನ್ನು ಕಟ್ಟಲು ಬರ್ನರ್ಸ್-ಲೀ ರೂಪಿಸಿದ ಗುರುತುಭಾಷೆಗೆ ಎಚ್.ಟಿ.ಎಮ್.ಎಲ್. ಎಂದು ಹೆಸರು. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಕ್ರಮವಿಧಿಯ ಭಾಷೆಯಲ್ಲ. ಬರಹದ ಯಾವ ಭಾಗ ಏನೆಂದು ಗುರುತು ಹಚ್ಚುವ ಭಾಷೆ. ಇದು ಶೀರ್ಷಿಕೆ, ಇದು ಪರಿಚ್ಛೇದ, ಇಲ್ಲಿ ಚಿತ್ರ, ಇಲ್ಲಿಂದ ಇನ್ನೊಂದು ಪುಟಕ್ಕೆ ದಾರಿ ಎಂದು ಅದು ಯಂತ್ರಕ್ಕೆ ತಿಳಿಸುತ್ತದೆ. ಮುಂದೆ ಪುಟಗಳಿಗೆ ಬಣ್ಣ, ಅಂದಗಳನ್ನು ತೊಡಿಸುವ ಭಾಷೆಯೂ, ಅವುಗಳಿಗೆ ಚಲನೆ ನೀಡುವ ಜಾವಾಸ್ಕ್ರಿಪ್ಟ್ ಎಂಬ ಕ್ರಮವಿಧಿಯ ಭಾಷೆಯೂ ಹುಟ್ಟಿದವು. ಒಂದು ಮೂಳೆ, ಒಂದು ಉಡುಗೆ, ಒಂದು ನಡಿಗೆ. ಕಲಿಯುವ ಮಗು ಮೂಳೆಯಿಂದ ಆರಂಭಿಸಿದರೆ ಸಾಕು. ಅದಕ್ಕೆ ಭಾರಿ ಯಂತ್ರ ಬೇಡ. ಅಂತರಜಾಲದ ಸಂಪರ್ಕವೂ ಬೇಡ. ಸಾಧಾರಣ ಗಣಕದಲ್ಲಿ ಬರಹವನ್ನು ಬರೆಯುವ ಸರಳ ಸಾಧನ, ಪುಟವನ್ನು ತೋರಿಸುವ ಬ್ರೌಸರ್ ಇವೆರಡಿದ್ದರೆ ಮಗುವಿನ ಪುಟ ಅದೇ ಯಂತ್ರದಲ್ಲಿ ತೆರೆದುಕೊಳ್ಳುತ್ತದೆ.

ಹತ್ತು ವರ್ಷದ ಮಗುವೊಂದು ಹಿತ್ತಲಿನ ಹಕ್ಕಿಗಳ ಮೇಲೆ ಜಾಲತಾಣ ಕಟ್ಟಲು ಕುಳಿತಿದೆಯೆಂದು ಭಾವಿಸೋಣ. ಬಲ್ಲ ಗುರುವಾದವರು ಮೊದಲು ಗಣಕದ ಬಳಿಗೆ ಕರೆದೊಯ್ಯುವುದಿಲ್ಲ. ಕಾಗದ, ಪೆನ್ಸಿಲು ಕೊಡುತ್ತಾರೆ. ಮೊದಲ ಪುಟದಲ್ಲಿ ಹಕ್ಕಿಗಳ ಹೆಸರು. ಒಂದೊಂದು ಹೆಸರಿನಿಂದಲೂ ಆ ಹಕ್ಕಿಯ ಪುಟಕ್ಕೊಂದು ದಾರಿ. ಪ್ರತಿ ಪುಟದಿಂದಲೂ ಮೊದಲ ಪುಟಕ್ಕೆ ಮರಳುವ ದಾರಿ. ಮಗು ಬಾಣಗಳನ್ನು ಎಳೆದು ನಕ್ಷೆಯನ್ನು ಬಿಡಿಸುತ್ತದೆ. ಅನಂತರ ಗುರುತುಗಳ ಪಾಠ. ಗುರುತುಗಳು ಬಹುಮಟ್ಟಿಗೆ ಜೋಡಿಯಾಗಿ ಬರುತ್ತವೆ. ಒಂದು ತೆರೆಯುವುದು, ಒಂದು ಮುಚ್ಚುವುದು. ಅವು ಹೊರಗಿನ ಬಾಗಿಲು, ಒಳಗಿನ ಬಾಗಿಲುಗಳಿದ್ದಂತೆ. ಒಳಗಿನದನ್ನು ಮೊದಲು ಮುಚ್ಚಿ, ಆಮೇಲೆ ಹೊರಗಿನದನ್ನು ಮುಚ್ಚಬೇಕು.

ಹುಳುಗಳು ಇಲ್ಲಿಯೂ ಬರುತ್ತವೆ. ದಪ್ಪ ಅಕ್ಷರದ ಗುರುತನ್ನು ತೆರೆದ ಮಗು ಮುಚ್ಚಲು ಮರೆಯುತ್ತದೆ. ಅಲ್ಲಿಂದ ಕೆಳಗಿನ ಬರಹವೆಲ್ಲ ಉಬ್ಬಿಕೊಂಡು ನಿಲ್ಲುತ್ತದೆ. ಗಿಳಿಯ ಚಿತ್ರ ಇರಬೇಕಾದಲ್ಲಿ ಖಾಲಿ ಚೌಕ ಕಾಣುತ್ತದೆ. ಚಿತ್ರಕ್ಕೆ ಇಟ್ಟ ಹೆಸರು ಒಂದು, ಪುಟದಲ್ಲಿ ಬರೆದ ಹೆಸರು ಇನ್ನೊಂದು. ಮೈನಾ ಹಕ್ಕಿಯ ಹೆಸರನ್ನು ಒತ್ತಿದರೆ ಕಾಗೆಯ ಪುಟ ತೆರೆಯುತ್ತದೆ. ಮಗು ತಾನು ಬರೆದುದಕ್ಕೆ ಮರಳಿ, ಸಾಲು ಸಾಲಾಗಿ ಕಣ್ಣಾಡಿಸಿ, ತಿದ್ದಿ, ಮತ್ತೆ ತೆರೆದು ನೋಡುತ್ತದೆ. ಆಡುತ್ತಾ ಆಡುತ್ತಾ ಭಾಷೆ, ಹಾಡುತ್ತಾ ಹಾಡುತ್ತಾ ರಾಗ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಇನ್ನೂ ಎಳೆಯರಿಗೆ, ಅಕ್ಷರಗಳನ್ನು ಒತ್ತುವುದೇ ಕಷ್ಟವಾದವರಿಗೆ, ಬೇರೊಂದು ದಾರಿಯುಂಟು. ಲೋಗೋ ಹುಟ್ಟಿದ ಪರಂಪರೆಯಲ್ಲಿಯೇ ಬೆಳೆದ ಮಿಚೆಲ್ ರೆಸ್ನಿಕ್ ಮತ್ತು ಅವರ ಸಂಗಡಿಗರು 2007ರಲ್ಲಿ ಹೊರತಂದ 'ಸ್ಕ್ರ್ಯಾಚ್' ಎಂಬ ಭಾಷೆಯಲ್ಲಿ ಆಜ್ಞೆಗಳನ್ನು ಬಣ್ಣದ ತುಂಡುಗಳಂತೆ ಒಂದಕ್ಕೊಂದು ಕೂಡಿಸಿದರಾಯಿತು.

ಆದರೆ ಜಾಲತಾಣ ಕಟ್ಟುವ ಮಗುವಿಗೆ ಆಮೆ ಕಲಿಸದ ಇನ್ನೊಂದು ಪಾಠ ಕಾದಿರುತ್ತದೆ. ಕೋಗಿಲೆ ಮಾವಿನ ಮರದಲ್ಲಿ ಅಂದವಾದ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ ಎಂದು ಮಗು ತನ್ನ ಪುಟದಲ್ಲಿ ಬರೆಯಿತೆನ್ನೋಣ. ಗುರುತುಗಳೆಲ್ಲ ಸರಿಯಾಗಿವೆ. ಶೀರ್ಷಿಕೆ ಮೇಲಿದೆ, ಚಿತ್ರ ಕಾಣುತ್ತಿದೆ, ದಾರಿಗಳು ತೆರೆಯುತ್ತಿವೆ. ಯಂತ್ರ ಆ ಪುಟವನ್ನು ಕಿಂಚಿತ್ತೂ ತಡೆಯದೆ ತೋರಿಸುತ್ತದೆ. ಕೋಗಿಲೆ ಗೂಡು ಕಟ್ಟುವುದಿಲ್ಲ, ಕಾಗೆಯಂಥ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ ಎಂಬುದನ್ನು ಪುಟದ ಗುರುತುಗಳು ಹೇಳಲಾರವು. ಮುಚ್ಚದ ಗುರುತು ಕಣ್ಣಿಗೆ ಕಾಣುವ ಹುಳು. ಸುಳ್ಳು ಮಾತು ಅಂದವಾದ ಪುಟದೊಳಗೆ ಅಡಗಿ ಕೂರುವ ಹುಳು. ಅದನ್ನು ಹೆಕ್ಕಲು ಹಿತ್ತಲಿಗೆ ಹೋಗಬೇಕು, ಬಲ್ಲವರನ್ನು ಕೇಳಬೇಕು, ಪುಸ್ತಕವನ್ನು ತೆರೆಯಬೇಕು. ಪುಟ ಚೆನ್ನಾಗಿ ಕಂಡ ಮಾತ್ರಕ್ಕೆ ಅದರಲ್ಲಿರುವುದು ಸತ್ಯವಾಗದು ಎಂಬ ಅರಿವು ಸ್ವತಃ ಪುಟ ಕಟ್ಟಿದ ಮಗುವಿಗೆ ಬಹುಬೇಗ ಬರುತ್ತದೆ. ಮುಂದೆ ಇತರರು ಕಟ್ಟಿದ ಪುಟಗಳನ್ನು ಓದುವಾಗಲೂ ಆ ಅರಿವು ಕಾವಲಾಗಿ ನಿಲ್ಲುತ್ತದೆ.

ಗುಬ್ಬಚ್ಚಿಗೂಡಿಗೆ ನೋಡುಗರು ಇದ್ದರೂ ಆದೀತು, ಇಲ್ಲದಿದ್ದರೂ ಆದೀತು. ಜಾಲತಾಣ ಓದುಗರಿಗಾಗಿಯೇ ಕಟ್ಟುವಂಥದು. ಅದನ್ನು ಲೋಕಕ್ಕೆ ತೆರೆದರೆ ಕಾಣದ ಊರಿನ, ಅರಿಯದ ಮನುಷ್ಯನೂ ಓದಬಹುದು. ಆದುದರಿಂದ ಅಲ್ಲಿ ಸೌಜನ್ಯ ಬೇಕು, ಎಚ್ಚರವೂ ಬೇಕು. ಮನೆಯ ವಿಳಾಸ, ದೂರವಾಣಿಯ ಸಂಖ್ಯೆ, ಗೆಳೆಯರ ಚಿತ್ರಗಳನ್ನು ಅಂಗಡಿಯ ಮುಂಗಟ್ಟಿನಲ್ಲಿ ಹರಡಿದಂತೆ ಹರಡಬಾರದು. ಇತರರು ತೆಗೆದ ಚಿತ್ರವನ್ನು ಕೇಳದೆ ತನ್ನದೆನ್ನಬಾರದು. ಹಿರಿಯರ ಒಪ್ಪಿಗೆಯಿಲ್ಲದೆ ಪುಟವನ್ನು ಲೋಕಕ್ಕೆ ತೆರೆಯಬಾರದು. ತರಗತಿಯ ಗೆಳೆಯರೇ ಮೊದಲ ಓದುಗರಾದರೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಇಂಥ ಪುಟವನ್ನು ಮಗು ತನ್ನ ತಾಯಿನುಡಿಯಲ್ಲಿಯೇ ಬರೆಯಬಹುದೆಂಬುದು ಕನ್ನಡಿಗರಿಗೆ ಸಂತಸದ ಸಂಗತಿ. ಗಣಕಕ್ಕೆ ಅಕ್ಷರ ತಿಳಿಯದು, ಅಂಕಿ ತಿಳಿಯುತ್ತದೆ. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸುವ ಯೂನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ನಮ್ಮ 'ಅ' ಅಕ್ಷರದ ಸಂಖ್ಯೆ 3205. ಜಗತ್ತಿನ ಯಾವ ಮೂಲೆಯಲ್ಲಿ ಪುಟವನ್ನು ತೆರೆದರೂ ಆ ಸಂಖ್ಯೆ 'ಅ'ಕಾರವೇ ಆಗಿರುತ್ತದೆ. ಗುರುತುಗಳು ಇಂಗ್ಲಿಷಿನವಾದರೂ ಅವುಗಳ ನಡುವೆ ನುಡಿಯುವ ದನಿ ಕನ್ನಡದ್ದಾಗಲು ಯಾವ ಅಡ್ಡಿಯೂ ಇಲ್ಲ.

ಈಗ ಇನ್ನೊಂದು ಸಂದೇಹ ಮೂಡಬಹುದು. 2022ರ ಕೊನೆಗೆ ಚಾಟ್‌ಜಿಪಿಟಿ ಜನಬಳಕೆಗೆ ಬಂದಂದಿನಿಂದ, ಬೇಕಾದುದನ್ನು ಮಾತಿನಲ್ಲಿ ಕೇಳಿದರೆ ಕ್ರಮವಿಧಿಯನ್ನು ತಾವೇ ಬರೆದುಕೊಡುವ ಯಂತ್ರಗಳು ಮನೆಮಾತಾಗಿವೆ. ಹೀಗಿರುವಾಗ ಮಗು ಕಷ್ಟಪಟ್ಟು ಕಲಿಯುವುದೇಕೆ? ತೇರು ಎಳೆಯುವ ಯಂತ್ರ ಬಂದಿತೆಂದು ಮಗು ನಡಿಗೆ ಕಲಿಯುವುದನ್ನು ಬಿಡುವುದುಂಟೆ! ಆ ಯಂತ್ರಗಳೂ ತಪ್ಪುತ್ತವೆ. ಅವು ಬರೆದುಕೊಟ್ಟ ಪುಟದಲ್ಲಿ ಕೋಗಿಲೆ ಗೂಡು ಕಟ್ಟಿದ್ದರೆ, ಅದನ್ನು ಕಂಡುಹಿಡಿಯುವ ಕಣ್ಣು ಮನುಷ್ಯನಿಗೆ ಬೇಕು. ಆ ಕಣ್ಣು ತೆರೆಯುವುದು ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿದವರಿಗೆ ಮಾತ್ರ.

ಪೇಪರ್ಟ್ 2016ರ ಜುಲೈ 31ರಂದು ತೀರಿಕೊಂಡರು. ನೆಲದ ಮೇಲೆ ಓಡಾಡಿದ ಆಮೆಗಳು ಈಗ ವಸ್ತುಸಂಗ್ರಹಾಲಯ ಸೇರುವಷ್ಟು ಹಳೆಯವು. ಅವರು ಕಲಿಸಹೊರಟದ್ದು ಬರಿಯ ಗಣಕವಿದ್ಯೆಯಾಗಿದ್ದರೆ ಅದೂ ಹಳತಾಗುತ್ತಿತ್ತು. ಗುರುತುಭಾಷೆ ಕಲಿತ ಮಕ್ಕಳೆಲ್ಲ ಗಣಕತಜ್ಞರಾಗಬೇಕಿಲ್ಲ. ಒಬ್ಬರು ರೈತರಾಗಬಹುದು, ಒಬ್ಬರು ದಾದಿಯಾಗಬಹುದು, ಇನ್ನೊಬ್ಬರು ಬಡಗಿಯಾಗಬಹುದು. ಬಿತ್ತನೆ ಕೈಕೊಟ್ಟ ವರ್ಷ, ಔಷಧಿ ನಾಟದ ರಾತ್ರಿ, ಬಾಗಿಲು ಚೌಕಟ್ಟಿಗೆ ಕೂರದ ಗಳಿಗೆ ಅವರಿಗೂ ಬಂದೀತು. ಆಗ ತಲೆ ತಗ್ಗಿಸಿ ಕೂರದೆ, ತಪ್ಪಿದ್ದೆಲ್ಲಿ ಎಂದು ಮೊದಲಿನಿಂದ ನೋಡಿಕೊಂಡು ಬರುವ ಧೈರ್ಯ ಅವರಲ್ಲಿ ಉಳಿದಿದ್ದರೆ, ಎಂದೋ ಗೋಡೆಯ ಹೊಟ್ಟೆಯೊಳಗೆ ಮಾಡನ್ನು ಮಲಗಿಸಿದ ಆಮೆಯ ಪಾಠ ಸಾರ್ಥಕವಾಯಿತೆಂದೇ ತಿಳಿಯಬೇಕು.